ಏಳರ ಬಾಲ

ಕೈಗೆ ಬಂದ ಚಿಲ್ಲರೆಯನ್ನು ತಿರುಗಿಸಿ ನೋಡದೆ ಜೇಬಿಗೆ ಇಳಿಸುವುದು ಈವರೆಗೂ ನನ್ನಿಂದ ಆಗಿಲ್ಲ. ಹಂಪನಕಟ್ಟೆಯಲ್ಲಿ ಬಸ್ಸು ಹತ್ತಿ, ಕಂಡಕ್ಟರ್ ಕೊಟ್ಟ ನಾಣ್ಯಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದರೆ ಅವನ ಮುಖ ಸಣ್ಣದಾಗುತ್ತದೆ. "ಎಂತ ಮಾರಾಯ್ರೆ, ನಾನು ಮನೆಯಲ್ಲಿ ಅಚ್ಚು ಹೊಡೆದು ತಂದದ್ದಾ?" ಎಂದು ಒಬ್ಬ ಕೇಳಿಯೇಬಿಟ್ಟಿದ್ದ. ಅಲ್ಲ ಎಂದೆ. ಅಚ್ಚು ಹೊಡೆದವನ ಕೈ ಎಲ್ಲಾದರೂ ತಪ್ಪಿದೆಯೇ ಎಂದು ಹುಡುಕುತ್ತಿದ್ದೇನೆ ಎಂದು ನಿಜ ಹೇಳಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿಸುತ್ತಿದ್ದನೋ ಏನೋ.

ಇದು ಕಸುಬಿನಿಂದ ಅಂಟಿದ ಚಾಳಿ. ನಾನೊಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಒಂದು ಕೊಂಬು ಬಿದ್ದುಹೋದರೆ ವರನ ಸೋದರಮಾವ ಬಂದು ಬೈಯುವುದು ಅಚ್ಚಿನ ಮೊಳೆ ಜೋಡಿಸಿದವನನ್ನಲ್ಲ, ನನ್ನನ್ನು. ನಮ್ಮಲ್ಲಿ ತಪ್ಪಿಗೆ ಬೈಗುಳ, ಸರಿಗೆ ಮೌನ. ಹೀಗಿರುವಾಗ ತಪ್ಪುಗಳನ್ನೇ ಮಖಮಲ್ಲಿನ ಮೇಲಿಟ್ಟು ಗೌರವಿಸುವ ಒಂದು ಲೋಕವುಂಟು, ಅದು ನಾಣ್ಯ ಸಂಗ್ರಹಿಸುವವರ ಲೋಕ ಎಂದು ತಿಳಿದಾಗ ನನಗೆ ಎಷ್ಟು ಸಮಾಧಾನವಾಗಿರಬೇಕು, ನೀವೇ ಯೋಚಿಸಿ.

ಆ ಲೋಕಕ್ಕೆ ನನ್ನನ್ನು ಕರೆದೊಯ್ದವನು ಬಂದರಿನ ಹಸನಬ್ಬ. ಮಳೆಗಾಲ ಕಳೆದು ದೂರದಲ್ಲಿ ಲಂಗರು ಹಾಕುವ ಹಡಗುಗಳಿಗೆ ದೋಣಿಯಲ್ಲಿ ತರಕಾರಿ, ಮೊಟ್ಟೆ, ಬಾಳೆಗೊನೆ ಒಯ್ದು ಮಾರುವುದು ಅವನ ವ್ಯಾಪಾರ. ಹಡಗಿನ ಜನ ಜೇಬಿನ ಮೂಲೆಯಲ್ಲಿ ಉಳಿದ ದೇಶದೇಶದ ಬಿಲ್ಲೆಗಳನ್ನು ಅವನ ಬುಟ್ಟಿಗೆ ಹಾಕುತ್ತಿದ್ದರು. ಅವನು ನನಗೆ ಮೊದಲು ಕೊಟ್ಟದ್ದು ಕೆನಡಾದ ತಾಮ್ರದ ಒಂದು ಸೆಂಟು. ಮೊದಲು ಸಿಕ್ಕಿದ್ದು ಜಪಾನಿನದಾಗಿದ್ದರೆ ನಾನು ಜಪಾನಿನವನಾಗಿರುತ್ತಿದ್ದೆ. ಮುಂದೆ ಒಬ್ಬ ಹಡಗಿನ ಅಧಿಕಾರಿ, ಬಾಳೆಹಣ್ಣಿನ ಸಂತೋಷಕ್ಕೋ ಏನೋ, ಆ ದೇಶದ ನಾಣ್ಯಗಳ ಹಳೆಯ ಕೆಟಲಾಗು ಒಂದನ್ನು ಕೊಟ್ಟುಹೋದ. ರಟ್ಟು ಹರಿದಿತ್ತು. ನಾನು ಅದನ್ನು ಪಾರಾಯಣ ಮಾಡಿದೆ.

ಎಂಥೆಂಥ ಸಂಗತಿಗಳಿದ್ದವು ಅದರಲ್ಲಿ. ೧೯೧೧ರಲ್ಲಿ ಅಲ್ಲಿನ ನಾಣ್ಯಗಳ ಮೇಲೆ ಆಗ ನಮಗೂ ಅವರಿಗೂ ಒಬ್ಬನೇ ಆಗಿದ್ದ ರಾಜನ ಹೆಸರಿನ ಜೊತೆ 'ದೇವರ ಕೃಪೆಯಿಂದ' ಎಂಬ ಲ್ಯಾಟಿನ್ ಮಾತು ಬಿಟ್ಟುಹೋಯಿತು, ಜನ ಸಿಟ್ಟಾದರು, ಮರುವರ್ಷ ದೇವರು ಮರಳಿ ಬಂದ. ಒಬ್ಬ ರಾಜ ಪಟ್ಟ ಬಿಟ್ಟು ನಡೆದದ್ದರಿಂದ ಹೊಸ ರಾಜನ ಅಚ್ಚು ಬರುವುದು ತಡವಾಗಿ, ೧೯೩೬ರ ಅಚ್ಚನ್ನೇ ಮತ್ತೆ ಬಳಸಿದಾಗ ಗುರುತಿಗೆಂದು ಇಸವಿಯ ಕೆಳಗೆ ಒಂದು ಚುಕ್ಕೆ ಇಟ್ಟರು. ಆ ಚುಕ್ಕೆಯ ಸೆಂಟನ್ನು ಕಂಡವರೇ ಕಡಮೆ. ಆ ಕೆಟಲಾಗಿನ ನಂತರದ್ದು ಇನ್ನೊಂದು, ೧೯೬೭ರ ಹತ್ತು ಸೆಂಟು, ಅದರ ಮೇಲೆ ಬಂಗುಡೆ ಮೀನನ್ನೇ ಕೊರೆದಿದ್ದರು; ಅದೊಂದನ್ನು ಹಸನಬ್ಬ ತಂದುಕೊಟ್ಟಿದ್ದ. ನನ್ನ ಹೆಂಡತಿ ವಾರಿಜಾ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಇಷ್ಟು ಸಣ್ಣದನ್ನು ಇಲ್ಲಿ ಬೆಕ್ಕಿಗೆ ಹಾಕುದು" ಎಂದಳು.

ಆದರೆ ನಾನು ಹಂಬಲಿಸಿದ್ದು ಇವು ಯಾವುದಕ್ಕೂ ಅಲ್ಲ. ಒಂದು ಎಲೆಗೆ.

ಅಲ್ಲಿನ ನಾಣ್ಯಗಳ ಮೇಲೆ ಆಗ ರಾಜನ ತಲೆಯ ಸುತ್ತ 'ಭಾರತದ ಚಕ್ರವರ್ತಿ' ಎಂಬ ಬಿರುದೂ ಇರುತ್ತಿತ್ತು. ನಾವು ಸ್ವತಂತ್ರರಾದೆವು. ಬಿರುದು ತೆಗೆಯಬೇಕಾಯಿತು. ಬಿರುದಿಲ್ಲದ ಹೊಸ ಅಚ್ಚು ಲಂಡನ್ನಿನಿಂದ ಬರುವುದು ತಡವಾಯಿತು. ಪೇಟೆಯಲ್ಲಿ ಚಿಲ್ಲರೆ ಸಾಲದಾಯಿತು. ಆಗ ಟಂಕಸಾಲೆಯವರು ೧೯೪೭ರ ಹಳೆಯ ಅಚ್ಚಿನಲ್ಲೇ ಇಸವಿಯ ಪಕ್ಕ ಆ ದೇಶದ ಗುರುತಾದ ಮೇಪಲ್ ಮರದ ಚಿಕ್ಕ ಎಲೆಯೊಂದನ್ನು ಕೊರೆದು ೧೯೪೮ರಲ್ಲಿ ಹೊಡೆದರು. ಒಂದು ಮಗ್ಗುಲಲ್ಲಿ ನಮ್ಮ ಮೇಲಿನ ಚಕ್ರಾಧಿಪತ್ಯ, ಇನ್ನೊಂದು ಮಗ್ಗುಲಲ್ಲಿ ಅದು ಮುಗಿಯಿತೆಂದು ಹೇಳುವ ಸಾಸಿವೆಯಷ್ಟು ದೊಡ್ಡ ಎಲೆ. ನಮ್ಮ ಬಿಡುಗಡೆಯ ಸುದ್ದಿ ಅಷ್ಟು ದೂರ ಹೋಗಿ, ಹಿಮದ ಊರಿನಲ್ಲಿ ಹೀಗೆ ಚಿಗುರಿತ್ತಲ್ಲ ಎಂದು ಆ ಪುಟವನ್ನು ಮತ್ತೆ ಮತ್ತೆ ತೆರೆಯುತ್ತಿದ್ದೆ.

ಎಲೆಯ ಐವತ್ತು ಸೆಂಟಿನಲ್ಲಿ ಇನ್ನೂ ಒಂದು ಸೂಕ್ಷ್ಮವುಂಟು. ಇಸವಿಯ ಕೊನೆಯ ಏಳರ ಬಾಲ ಕೆಲವದರಲ್ಲಿ ಎಡಕ್ಕೆ ಬಾಗಿರುತ್ತದೆ, ಕೆಲವದರಲ್ಲಿ ಬಲಕ್ಕೆ. ಎಡದ್ದು ಸಿಕ್ಕಿದರೆ ಭಾಗ್ಯ. ಬಲದ್ದು ಸಿಕ್ಕುವುದೇ ಇಲ್ಲ ಎನ್ನಬೇಕು. ಬರಿಗಣ್ಣಿಗೆ ಈ ವ್ಯತ್ಯಾಸ ಹಿಡಿಯದು, ಭೂತಗನ್ನಡಿ ಬೇಕು.

ವರ್ಷಗಟ್ಟಲೆ ಕೇಳಿ ಕೇಳಿ ಹಸನಬ್ಬನಿಗೂ ಆ ಎಲೆ ಕನಸಿನಲ್ಲಿ ಬರುತ್ತಿತ್ತಂತೆ. ಕೊನೆಗೆ ಒಂದು ಸಂಜೆ ಮನೆಯ ಬಾಗಿಲಿಗೆ ಬಂದು, "ಸಂಜೀವಣ್ಣ, ನಿಮ್ಮ ಸೊಪ್ಪು ಬಂತು, ತೆಗೊಳ್ಳಿ" ಎಂದು ಕೈಯಲ್ಲಿಟ್ಟ. ಐವತ್ತು ಸೆಂಟು, ಬೆಳ್ಳಿ, ಎಲೆ ಉಂಟು. ನನ್ನ ಕನ್ನಡಿ ಮುದ್ರಣಾಲಯದ ಮೇಜಿನಲ್ಲಿ ಉಳಿದಿತ್ತು. ನಾಳೆ ನೋಡಿದರಾಯಿತು ಎಂದು ಹತ್ತಿಯಲ್ಲಿ ಸುತ್ತಿ ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ಇಷ್ಟು ವರ್ಷ ಕಾದವನಿಗೆ ಒಂದು ದಿನ ಹೆಚ್ಚಾಗಿ ತೋರಲಿಲ್ಲ.

ಆ ಸಂಜೆಯೇ ವಾರಿಜಾಳ ಜ್ವರ ಏರಿತು. ಕೆಲವು ದಿನಗಳಿಂದ ಬಿಟ್ಟು ಬಿಟ್ಟು ಬರುತ್ತಿದ್ದುದು ಈಗ ಬಿಡಲಿಲ್ಲ. ಕಂಕನಾಡಿಯ ಆಸ್ಪತ್ರೆಗೆ ಸೇರಿಸಿದೆವು. ಟೈಫಾಯ್ಡ್ ಎಂದರು. ಮುಂದಿನದನ್ನು ನಾನು ಕಂಡಷ್ಟೇ ಹೇಳುತ್ತೇನೆ. ಮಂಚದ ಪಕ್ಕದಲ್ಲಿ ಕೂತಿದ್ದೆ. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು. "ನೀವು ಯಾರ ಕಡೆಯವರು?" ಎಂದು ಕೇಳಿದಳು. ಬಹಳ ಮರ್ಯಾದೆಯಿಂದ ಕೇಳಿದಳು, ಮನೆಗೆ ಬಂದ ಅಪರಿಚಿತರನ್ನು ಕೇಳುವ ಹಾಗೆ. ನಾನು ನನ್ನ ಹೆಸರು ಹೇಳಿದೆ. ಅವಳು ತಲೆ ಆಡಿಸಿದಳು, ಕೇಳಿದ ಹೆಸರಲ್ಲ ಎಂಬಂತೆ.

ಮರುದಿನ ಅತ್ತೆ, ಅಂದರೆ ವಾರಿಜಾಳ ತಾಯಿ, ಮನೆಗೆ ಹೋಗಿ ಬಂದರು. ಬಂದವರು ವಾರಿಜಾಳ ದಿಂಬಿನ ಅಡಿಯಲ್ಲಿ ಹಸಿರು ಬಟ್ಟೆಯ ಚಿಕ್ಕ ಗಂಟೊಂದನ್ನು ಇಟ್ಟರು. ಉಳ್ಳಾಲದ ದರ್ಗಾಕ್ಕೆ ಮುಡಿಪು ಕಟ್ಟಿದ್ದೇನೆ ಎಂದರು. ನಮ್ಮಲ್ಲಿ ಅದು ಹೊಸತಲ್ಲ. ಕಾಯಿಲೆ ಬಿದ್ದಾಗ ಉಳ್ಳಾಲಕ್ಕೆ ಹೇಳಿಕೊಳ್ಳಲು ಜಾತಿ ಯಾರೂ ಕೇಳುವುದಿಲ್ಲ. ಹರಕೆ ಹೇಳಿ ಒಂದು ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಅದು ಮನೆಯಲ್ಲಿದ್ದರೂ ಮನೆಯವರದಲ್ಲ.

"ಈಗಿನ ನಯೇ ಪೈಸೆ ಕಟ್ಟಲಿಕ್ಕೆ ಮನಸ್ಸು ಬರಲಿಲ್ಲ" ಎಂದರು ಅತ್ತೆ. "ಹಿಂದೆ ನಾವು ಬೆಳ್ಳಿ ರೂಪಾಯಿಯೇ ಕಟ್ಟುದು. ನಿಮ್ಮ ಡಬ್ಬಿಯಲ್ಲಿ ಒಂದು ಇತ್ತು, ರಾಜನ ತಲೆಯದ್ದು. ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೀರಿ. ನೀವು ಕೂಡ ಮುಡಿಪಿಗೇ ಅಂತ ತೆಗೆದಿಟ್ಟದ್ದು ಅಂತ ಗ್ರಹಿಸಿದೆ."

ತಪ್ಪು ಹುಡುಕುವುದೇ ಕಸುಬಾಗಿರುವ ನನಗೆ ಅತ್ತೆಯ ಮಾತಿನಲ್ಲಿ ತಿದ್ದಲು ಏನೂ ಸಿಗಲಿಲ್ಲ. ಬೆಳ್ಳಿ ಹೌದು, ರಾಜ ಹೌದು, ಅಷ್ಟು ಜೋಪಾನವಾಗಿ ಸುತ್ತಿಟ್ಟದ್ದೂ ಹೌದು. ಒಳ್ಳೆಯದಾಯಿತು ಎಂದೆ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ಜ್ವರ ಇಳಿಯಿತು. ಔಷಧಿಯಿಂದಲೋ ಗಂಟಿನಿಂದಲೋ ನಾನು ವಿಚಾರಿಸಲಿಲ್ಲ. ವಾರಿಜಾ ಮನೆಗೆ ಬಂದು ಗಂಜಿ ಕುಡಿದು, ಗೋಡೆ ಹಿಡಿದು ನಡೆದು, ಒಂದು ದಿನ ಗೋಡೆ ಬಿಟ್ಟು ನಡೆದಳು. ಅಷ್ಟು ದಿನವೂ ಹಸಿರು ಗಂಟು ದೇವರ ಹಲಗೆಯ ಮೇಲಿತ್ತು. ನನ್ನ ಕನ್ನಡಿ ಈಗ ಮನೆಯಲ್ಲೇ ಇತ್ತು. ಅವಳು ಚೇತರಿಸಿಕೊಂಡಂತೆಲ್ಲ ನನಗೆ ಏಳರ ಕಾಯಿಲೆ ಹಿಡಿಯಿತು. ಎಡವೋ, ಬಲವೋ? ದೀಪ ಹಚ್ಚಲು ಹೋದರೆ ಕಣ್ಣು ಅಲ್ಲಿಗೇ. ನನ್ನಷ್ಟು ಭಕ್ತಿಯಿಂದ ಆ ಹಲಗೆಯನ್ನು ಆ ಮನೆಯಲ್ಲಿ ಇನ್ನಾರೂ ನೋಡಿರಲಾರರು.

ಬಂದರಿಗೆ ಹೋಗಿ ಹಸನಬ್ಬನಲ್ಲಿ ಬಾಯಿಬಿಟ್ಟೆ. ಬೇರೊಂದು ಬೆಳ್ಳಿ ರೂಪಾಯಿ ತಂದು ಬದಲಿಸಿದರೆ ಹೇಗೆ?

ಅವನು ಮೊಟ್ಟೆಗಳನ್ನು ಹುಲ್ಲಿನಲ್ಲಿ ಜೋಡಿಸುತ್ತಿದ್ದ. "ಮೇಲಿದ್ದವನು ಬೆಳ್ಳಿಯ ತೂಕ ನೋಡುದಿಲ್ಲ ಸಂಜೀವಣ್ಣ. ನೀವು ಬದಲಿಸಿದರೆ ಅವನೇನೂ ಹೇಳ್ಲಿಕ್ಕಿಲ್ಲ."

"ಹಾಗಾದರೆ ಆಗ್ತದಾ?"

"ನಾಳೆ ಅಕ್ಕನಿಗೆ ಒಂದು ತಲೆನೋವು ಬಂದರೆ ನಿಮಗೆ ನಿದ್ರೆ ಬರ್ತದಾ? ಅದನ್ನು ಮೊದಲು ನೋಡಿಕೊಳ್ಳಿ. ಹಡಗು ಇನ್ನೂ ಬರ್ತದೆ. ನನಗೂ ವ್ಯಾಪಾರ ಬೇಡವಾ ಮಾರಾಯ್ರೆ."

ಹರಕೆ ಒಪ್ಪಿಸುವ ದಿನ ನೇತ್ರಾವತಿಯನ್ನು ದೋಣಿಯಲ್ಲಿ ದಾಟಿದೆವು, ವಾರಿಜಾ ಮತ್ತು ನಾನು. ಅವಳ ಬಳೆಗಳು ಮೊಣಕೈವರೆಗೆ ಜಾರುವಷ್ಟು ಕೈ ತೆಳ್ಳಗಾಗಿತ್ತು. ಆ ಕೈಯ ಮುಷ್ಟಿಯಲ್ಲಿ ಗಂಟು. ನಾನು ನೀರು ನೋಡುತ್ತಿದ್ದೇನೆ ಎಂದುಕೊಂಡಿದ್ದೆ.

"ಆಗದಿಂದ ನನ್ನ ಕೈಯನ್ನೇ ನೋಡ್ತಿದ್ದೀರಿ" ಎಂದಳು. "ಇದು ನಿಮ್ಮ ಎಲೆಯದ್ದು ಅಲ್ವಾ?"

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಡಬ್ಬಿ ತೆಗೆದು ತೆಗೆದು ಮುಚ್ಚುದು ನನಗೆ ಕಾಣುದಿಲ್ವಾ? ಅಮ್ಮನಿಗೆ ಗೊತ್ತಿರಲಿಲ್ಲ, ಪಾಪ." ಮುಷ್ಟಿ ಬಿಚ್ಚಿ ನನ್ನತ್ತ ಚಾಚಿದಳು. "ಬೇಕಾದರೆ ಬಿಚ್ಚಿ. ಏಳು ನೋಡಿ. ನನ್ನ ಹತ್ತಿರ ಅಜ್ಜಿ ಕೊಟ್ಟ ಬೆಳ್ಳಿ ರೂಪಾಯಿ ಉಂಟು, ತಂದಿದ್ದೇನೆ. ಅದನ್ನು ಹಾಕುವ. ಜ್ವರ ಬಂದದ್ದು ನನಗೆ, ನಾನೇ ಹೇಳ್ತಿದ್ದೇನಲ್ಲ."

ಗಂಟು ನನ್ನ ಅಂಗೈಯಲ್ಲಿತ್ತು, ಕನ್ನಡಿ ಜೇಬಿನಲ್ಲಿತ್ತು. ಬಟ್ಟೆಯ ಮೇಲಿಂದಲೇ ನಾಣ್ಯದ ಅಂಚಿನ ಗೀರುಗಳು ಬೆರಳಿಗೆ ಸಿಗುತ್ತಿದ್ದವು. ನಿಧಾನವಾಗಿ ಯೋಚಿಸಿದೆ, ನನಗೆ ಬೇರೆ ರೀತಿ ಯೋಚಿಸಲು ಬರುವುದಿಲ್ಲ. ಬಿಚ್ಚಿ ನೋಡಿ ಬಾಲ ಎಡಕ್ಕಿದ್ದರೆ ಧಾರಾಳವಾಗಿ ದರ್ಗಾಕ್ಕೆ ಕೊಟ್ಟೇನು. ಬಲಕ್ಕಿದ್ದರೆ ಕೊಡಲು ಕೈ ಬಾರದು. ಅಂದರೆ ನಾನು ಬಿಚ್ಚುವುದು ನೋಡಲಿಕ್ಕಲ್ಲ, ಹೆಂಡತಿಯ ಜೀವಕ್ಕೆ ಚೌಕಾಸಿ ಮಾಡಲಿಕ್ಕೆ. 'ನೀವು ಯಾರ ಕಡೆಯವರು' ಎಂದು ಅವಳು ಕೇಳಿದಾಗ ನನ್ನಲ್ಲಿದ್ದ ಎಲ್ಲವನ್ನೂ ಮನಸ್ಸಿನಲ್ಲೇ ಕೊಟ್ಟುಬಿಟ್ಟಿದ್ದೆ. ಕೊಡುವಾಗ ಯಾವುದರ ಬಾಲ ಯಾವ ಕಡೆಗೆಂದು ನೋಡಿರಲಿಲ್ಲ.

ಗಂಟನ್ನು ಅವಳ ಕೈಗೆ ಮರಳಿ ಇಟ್ಟು ಬೆರಳುಗಳನ್ನು ಮಡಚಿದೆ. "ಬಿಗಿಯಾಗಿ ಹಿಡಿ, ನೀರಿಗೆ ಬಿದ್ದೀತು" ಎಂದೆ. ದರ್ಗಾದಲ್ಲಿ ಅವಳೇ ಅದನ್ನು ಕಾಣಿಕೆಯ ಪೆಟ್ಟಿಗೆಗೆ ಹಾಕಿದಳು. ಬಟ್ಟೆಯಲ್ಲಿದ್ದುದರಿಂದ ಶಬ್ದವೂ ಬರಲಿಲ್ಲ.

ಇದೆಲ್ಲ ನಡೆದು ಈಗ ಎಷ್ಟೋ ವರ್ಷವಾಯಿತು. ಹಡಗುಗಳು ಬಂದವು, ಎಲೆಯ ಐವತ್ತು ಸೆಂಟು ಮತ್ತೆ ಬರಲಿಲ್ಲ. ಸಂಗ್ರಹಕಾರರು ತಮ್ಮಲ್ಲಿರುವುದರ ಹೆಮ್ಮೆ ಹೇಳಿಕೊಳ್ಳುತ್ತಾರೆ. ನಾನು ನನ್ನಲ್ಲಿಲ್ಲದ ಒಂದನ್ನು ಕುರಿತು ಇಷ್ಟು ಬರೆದೆ. ಆ ಏಳು ಎಡಕ್ಕೆ ಬಾಗಿತ್ತೋ ಬಲಕ್ಕೋ, ಇನ್ನು ತಿಳಿಯುವಂತಿಲ್ಲ. ತಿಳಿಯಬೇಕೆಂಬ ಆಸೆಯೂ ಸಾಯುವಂತಿಲ್ಲ. ಮೊದಮೊದಲು ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಈಗ ಅದು ಬಂದಾಗ ಎದ್ದು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತೇನೆ.

ವಾರಿಜಾ ತಿರುಗಿಯೂ ನೋಡುವುದಿಲ್ಲ. "ಪುನಃ ಏಳು ನೆನಪಾಯ್ತಾ?" ಎನ್ನುತ್ತಾಳೆ.

"ಆಯ್ತು" ಎನ್ನುತ್ತೇನೆ.

"ಹಾಗಾದರೆ ಸುಮ್ಮನೆ ನಿಲ್ಲುದು ಬೇಡ, ಈ ತೆಂಗಿನಕಾಯಿ ತುರಿದು ಕೊಡಿ."

ನಾನು ಕೂತು ತುರಿಯುತ್ತೇನೆ. ಆದಷ್ಟು ನಿಧಾನವಾಗಿ ತುರಿಯುತ್ತೇನೆ, ಅವಳು ಬೈಯುವವರೆಗೆ.