ಮಧುಕರ ಕಾಕಾರ ಕಾರಿನ ಗಾಜು

ನನ್ನ ಅಕ್ಷರ ಚೆನ್ನಾಗಿಲ್ಲ, ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ಮಾತೂ ತಪ್ಪಬಹುದು, ಕ್ಷಮಿಸಿ. ಕೋಥರೂಡ ಬಡಾವಣೆಯ ನಮ್ಮ ವಸತಿ ಸೊಸೈಟಿಯಲ್ಲಿ ಬೆಳಗಾವಿ ಕಡೆಯ ಮಧುಕರ ಕಾಕಾ ಇದ್ದಾರೆ. ಅವರ ಕೆಂಪು ಸ್ಪೋರ್ಟ್ಸ್ ಕಾರಿನಂಥವು ಕೆಲವೇ ನೂರು ತಯಾರಾದವಂತೆ, ಆಮೇಲೆ ಕಂಪನಿ ಮಾಡುವುದನ್ನೇ ನಿಲ್ಲಿಸಿತು. ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಅದಕ್ಕೇ ಕಾಕಾ ಎಲ್ಲಿಗೆ ಹೋಗುವುದಿದ್ದರೂ ಸಿಟಿ ಬಸ್ ಹತ್ತುತ್ತಾರೆ. ಯಾರಾದರೂ ಕಾರಿನ ಹಾರ್ನ್ ಒತ್ತಿದರೆ, "ಏ ತಮ್ಮಾ, ಅದೂ ಸವೀತದೋ!" ಎಂದು ಓಡಿಬರುತ್ತಾರೆ. ದಸರೆಯ ಪೂಜೆಯಲ್ಲಿ ಎಲ್ಲರೂ ಚಕ್ರದಡಿ ಇಟ್ಟು ಒಡೆಯುವ ನಿಂಬೆಹಣ್ಣನ್ನು ಇವರು ತಮ್ಮ ಹಿಮ್ಮಡಿಯಿಂದಲೇ ಒಡೆಯುತ್ತಾರೆ. ನಾವು ನಗುತ್ತಿದ್ದೆವು. ನಿನ್ನೆ ಹುಡುಗರು ಹೊಡೆದ ಗಟ್ಟಿ ಚೆಂಡು ಕಾರಿನ ಮುಂದಿನ ಗಾಜಿನತ್ತ ಹಾರಿತು. ಕಾಕಾ ಅಡ್ಡ ಬಂದು ಮುಂಗೈ ಒಡ್ಡಿಬಿಟ್ಟರು. ಎಲುಬು ಮುರಿದ ಸದ್ದು ನನಗೂ ಕೇಳಿಸಿತು. "ಕಾಕಾ, ಇದೇನ್ ಮಾಡಿಕೊಂಡ್ರಿ!" ಎಂದು ಚೀರಿದೆ. "ಅಳಬ್ಯಾಡವ್ವಾ, ಎಲುಬು ಕೂಡತದ. ಗಾಜು ಎಲ್ಲಿಂದ ತರ್ಲಿ?" ಎಂದರು. ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಇವತ್ತು ಆ ಗಾಜಿನ ಅಳತೆ ತೆಗೆದುಕೊಂಡು, ಅವ್ವನ ಹಳೆಯ ಸೀರೆಗಳಿಂದ ಅದಕ್ಕೊಂದು ದಪ್ಪ ಕೌದಿ ಹೊಲಿಯುತ್ತೇನೆ.