ಬಾವುಟದ ಕೆಳಗಿನ ಮೊಟ್ಟೆ

ಎರಡು ಬಾವುಟ ಕಿತ್ತು ಕಂಕುಳಲ್ಲಿ ಇರುಕಿಕೊಂಡು ಅತ್ತಿಗೆ ಮೂರನೆಯದರ ಕಡೆಗೆ ಓಡುತ್ತಿದ್ದಾರೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಜಲಾಶಯದ ನೀರು ಇಳಿದು ದಡದ ತುಂಬ ಜಲ್ಲಿ, ಬಿರುಕುಬಿಟ್ಟ ಕೆಸರು. ಹಿಂದೆ ಜೆಸಿಬಿ ಗುರುಗುಡುತ್ತಿದೆ.

"ನೆಟ್ಟಿದ್ದೂ ನೀವೇ, ಕೀಳೋದೂ ನೀವೇ! ರಾತ್ರಿ ನಿದ್ದೆ ಬಂತಾ ಅತ್ತಿಗೆ?" ಜೆಸಿಬಿ ಮೇಲಿನಿಂದ ಕೂಗುತ್ತಾನೆ ಮೈದುನ.

"ಮೊದಲು ನಿನ್ನ ಗಾಡಿ ಆಫ್ ಮಾಡೋ. ಆಮೇಲೆ ನನ್ನ ನಿದ್ದೆ ವಿಚಾರಿಸ್ಕೊ."

ಜೆಸಿಬಿ ಓಡಿಸುವವನ ಅತ್ತಿಗೆಯಾದ್ದರಿಂದ ಕೆಲಸದವರಿಗೆಲ್ಲ ಅವರು ಅತ್ತಿಗೆಯೇ. ಕುಸಿದ ಕಲ್ಲುಕಟ್ಟಣೆ ರಿಪೇರಿಗೆ ಮುಂಚೆ ಪೊದೆ ಸವರುವುದು ಅವರ ಕೂಲಿ. ಹಕ್ಕಿ ಕಾಯುವುದು ತಾವೇ ಮೈಮೇಲೆ ಎಳೆದುಕೊಂಡ ಉಸಾಬರಿ.

ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ. ಜಲ್ಲಿಯ ನಡುವೆ ಬರಿ ನೆಲದಲ್ಲೇ ಮೊಟ್ಟೆ ಇಡುತ್ತದೆ, ಅದೂ ಕಲ್ಲಿನ ಬಣ್ಣದ್ದು. ಹೋದ ವರ್ಷ ಜೆಸಿಬಿ ಅಂಥ ಒಂದು ಮೊಟ್ಟೆಯ ಮೇಲೆ ಹಾಯಿತು. ತಾಯಿಹಕ್ಕಿ ಸಂಜೆಯವರೆಗೂ ಅತ್ತಿಗೆಯ ನೆತ್ತಿಯ ಮೇಲೆಯೇ ಕಿರುಚುತ್ತ ಸುತ್ತಿತು. ಮಾರನೇ ದಿನ ಅವರು ಹಳೆಯ ಕೆಂಪು ಹೊದಿಕೆ ಹರಿದು ಕೋಲಿಗೆ ಕಟ್ಟಿ, ಮೊಟ್ಟೆ ಇರುವಲ್ಲೆಲ್ಲ ನೆಟ್ಟರು. ಆಫೀಸಿನವರು ಮೆಚ್ಚಿ ಅದನ್ನೇ ನಿಯಮ ಮಾಡಿದರು: ಬಾವುಟ ಕಂಡಲ್ಲಿ ಜೆಸಿಬಿ ಹೋಗಕೂಡದು.

ಈ ವಾರ ಬಾವುಟಗಳ ಬುಡದಲ್ಲಿ ಬರೀ ಚಿಪ್ಪು ಸಿಕ್ಕಿತು. ಓಡುತ್ತಲೇ ಅತ್ತಿಗೆ ಮೈದುನನಿಗೆ ಹೇಳುತ್ತಾರೆ: "ನಾಯಿ ಅಂದ್ಕೊಂಡೆ. ಹಾವು ಅಂದ್ಕೊಂಡೆ. ನಿನ್ನೆ ನೋಡ್ತೀನಿ, ಕಾಗೆ! ಕೋಲಿನ ಮೇಲೆ ಕೂತು, ಕೆಳಗಿಳಿದು, ತಿಂದು, ನೆಟ್ಟಗೆ ಮುಂದಿನ ಬಾವುಟಕ್ಕೆ ಹಾರ್ತು. ನಾನೇ ಕರೆದು ಕೂರಿಸಿ ಬಡಿಸಿದ ಹಾಗಾಯ್ತಲ್ಲ!"

ಮೂರನೆಯ ಬಾವುಟದ ಕೆಳಗೆ ಮೊಟ್ಟೆಗಳು ಹಾಗೇ ಇವೆ. ಅದನ್ನೂ ಕಿತ್ತು ನಿಲ್ಲುತ್ತಾರೆ. ಮುಂದೇನು ಎಂದು ಅವರಿಗೇ ತಿಳಿಯದು.

"ಬಾವುಟ ಇದ್ರೆ ಕಾಗೆ. ಇಲ್ದಿದ್ರೆ ಇವನು. ನಾನೇ ಕಾದು ಕೂತ್ರೆ ತಾಯಿ ಹತ್ರ ಬರಲ್ಲ, ಮೊಟ್ಟೆ ಬಿಸಿಲಿಗೆ ಬೆಂದುಹೋಗತ್ತೆ."

"ಕಾಗೆ ಜೊತೆ ನನ್ನನ್ನೂ ಸೇರಿಸಿಬಿಟ್ರಾ!" ಎನ್ನುತ್ತ ಮೈದುನ ಇಂಜಿನ್ ಆರಿಸುತ್ತಾನೆ.

ಅತ್ತಿಗೆ ದೂರ ಸರಿಯುತ್ತಾರೆ. ಹಕ್ಕಿ ಓಡಿ ಬಂದು, ಅನುಮಾನಿಸಿ, ಕೊನೆಗೆ ಕಾವಿಗೆ ಕೂರುತ್ತದೆ. ಕೂತದ್ದೇ ಜಲ್ಲಿಯಲ್ಲಿ ಜಲ್ಲಿಯಾಗಿ ಕರಗುತ್ತದೆ. "ಈಗ ಎಲ್ಲಿದೆ ಅಂತ ನಂಗೇ ಗೊತ್ತಾಗ್ತಿಲ್ಲ!" ಎನ್ನುತ್ತಾರೆ ಅತ್ತಿಗೆ.

ಅಷ್ಟರಲ್ಲಿ ಎಂಜಿನಿಯರ್ ಜೀಪಿನಿಂದ ಇಳಿಯುತ್ತಾರೆ. ತೋಳಿನಲ್ಲಿ ಹೊಸ ಬಾವುಟಗಳ ಕಟ್ಟು, ಮುಖದ ತುಂಬ ನಗು. "ನಿಮ್ಮ ಐಡಿಯಾ ಅಮ್ಮ! ಇನ್ನು ಎಲ್ಲ ದಡಕ್ಕೂ ಇದೇ. ಮೊದಲನೇದು ನೀವೇ ನೆಡಿ, ಫೋಟೊ ತೆಗೀತೀನಿ."

ಅತ್ತಿಗೆ ಕಾಗೆಯ ವಿಷಯ ಹೇಳುತ್ತಾರೆ. ಎಂಜಿನಿಯರ ನಗು ಇಳಿಯುತ್ತದೆ. ಕೆಟ್ಟ ಮನುಷ್ಯರಲ್ಲ ಅವರು. "ಆದ್ರೆ ಬಾವುಟ ಇಲ್ದೆ ಕೆಲಸ ನಿಲ್ಲಿಸೋಕೆ ನಂಗೆ ಅಧಿಕಾರ ಇಲ್ಲಮ್ಮ. ನೀರು ಏರೋದ್ರೊಳಗೆ ಮುಗೀಬೇಕು. ನೆಟ್ರೆ ಇಷ್ಟು ಜಾಗನಾದ್ರೂ ಬಿಡ್ತೀವಿ. ಬೇರೆ ದಾರಿ ಇದ್ರೆ ನೀವೇ ಹೇಳಿ."

"ಗೊತ್ತಿಲ್ಲ ಸಾರ್."

"ಹಾಗಾದ್ರೆ ಹಿಡೀರಿ." ಎಂಜಿನಿಯರ್ ಒಂದು ಬಾವುಟ ಚಾಚುತ್ತಾರೆ. ಮೈದುನ ಕೀಲಿಯಿಂದ ಕೈ ತೆಗೆದು ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಾನೆ.

ಅತ್ತಿಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ.

"ಬೇಡ. ನಾನು ನೆಡಲ್ಲ."