ನೀರು ಹೊರಲು ಬಂದವನು

ಧಾರವಾಡದ ನಮ್ಮ ಬಳಗದವರ ಪ್ರಕಾರ ನನ್ನ ಅಣ್ಣನಿಗೆ ಆಗಿದ್ದು ಹಾರ್ಟ್ ಆಪರೇಷನ್. ಈ ತಿಳಿವಳಿಕೆಗೆ ಕಾರಣ ಒಂದೇ ಒಂದು ಕನ್ನಡ ಶಬ್ದ. ವಿಜಯವಾಡದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಣ್ಣ ನಮ್ಮ ಕಾಕಾನಿಗೆ ಫೋನ್ ಮಾಡಿ, "ಎದೀ ಆಪರೇಷನ್ ಆತು ಕಾಕಾ, ಈಗ ಆರಾಮ ಅದೀನಿ" ಎಂದ. ಅದು ಸುಳ್ಳೇನಲ್ಲ. ಕಾಕಾ ಗಾಬರಿಯಾಗಿ, "ಎಷ್ಟು ಬ್ಲಾಕ್ ಇದ್ವೋ?" ಎಂದು ಕೇಳಿದರು. ಅಣ್ಣ ಗೋಡೆ ನೋಡಿಕೊಂಡು, "ಒಂದ ಇತ್ತು" ಎಂದುಬಿಟ್ಟ. ಪಕ್ಕದಲ್ಲೇ ಕೂತಿದ್ದ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಊರಿನಿಂದ ಬರುವ ಗಂಟಿನಲ್ಲಿ ತುಪ್ಪ ಬರುವುದು ನಿಂತಿತು, ಬೆಳ್ಳುಳ್ಳಿ ಬರತೊಡಗಿತು.

ಅವನಿಗೆ ಆಗಿದ್ದು ಮೊಲೆಯ ಕ್ಯಾನ್ಸರ್. ಎಡಗಡೆ ಗಂಟು ಬಂದಿತ್ತು. ಅದನ್ನು ತೆಗೆದರು, ಕಂಕುಳಲ್ಲೂ ಕೊಯ್ದರು. ಗಂಡಸರಿಗೂ ಇದು ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಗಂಟನ್ನು ನೋಡಿಯೂ ಕುರುವೋ ಏನೋ ಎಂದು ಅರಿಶಿನ ಹಚ್ಚಿಕೊಂಡು ತಿರುಗಿದ್ದ. ಆಟೋ ನಗರದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಅವನದು. ದಿನವಿಡೀ ಕಬ್ಬಿಣ ಎತ್ತಿ ಇಳಿಸುವವನಿಗೆ ಎದೆಯ ಮೇಲೆ ಒಂದು ಪೆಟ್ಟು, ಒಂದು ಬಾವು ದೊಡ್ಡ ಮಾತಾಗಿರಲಿಲ್ಲ.

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ವಿಜಯವಾಡದಲ್ಲಿ ಅಜ್ಜನ ಕಾಲದಿಂದ ನೆಲೆಸಿದ ಮನೆತನದವಳು. ಅವಳ ಕನ್ನಡದಲ್ಲಿ ಅರ್ಧ ತೆಲುಗು. ಮೊದಲ ಸಲ ಸ್ಕ್ಯಾನಿಗೆ ಹೋದಾಗ ನರ್ಸ್ ಬಂದು ವೈನಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೊರಟಳಂತೆ. ವೈನಿ ಕೈ ಬಿಡಿಸಿಕೊಂಡು, "ನೇನು ಕಾದಂಡೀ, ಆಯನ" ಎಂದು ಗಂಡನನ್ನು ತೋರಿಸಿದಳಂತೆ. ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡರು, ಅಣ್ಣನ ಪಕ್ಕದವಳು ಎದ್ದು ಆಚೆ ಹೋಗಿ ಕೂತಳು. ತಪ್ಪು ಅವರದೂ ಅಲ್ಲ ಬಿಡಿ. ಅಂಥ ಜಾಗದಲ್ಲಿ ಗಂಡಸು ಬಂದು ಕೂತರೆ ನಾನಾದರೂ ಅದನ್ನೇ ಮಾಡುತ್ತಿದ್ದೆ.

ಆ ವರ್ಷ ಕೃಷ್ಣೆಗೆ ಹನ್ನೆರಡು ವರ್ಷಕ್ಕೊಮ್ಮೆ ಬರುವ ಪುಷ್ಕರಸ್ನಾನ ಬಂತು. ಇಂದ್ರಕೀಲಾದ್ರಿ ಬೆಟ್ಟದ ಕೆಳಗೆ ಸ್ನಾನಘಟ್ಟದ ತುಂಬ ಜನ, ಗಂಡಸರೆಲ್ಲ ಬರಿ ಮೈಯಲ್ಲಿ ಮುಳುಗಿ ಏಳುತ್ತಿದ್ದರು. ಅಣ್ಣ ಅಂಗಿ ತೊಟ್ಟುಕೊಂಡೇ ನೀರಿಗಿಳಿದ. ಧಾರವಾಡದಿಂದ ಬಂದಿದ್ದ ಕಾಕಾ, "ಹಾರ್ಟಿನ ಪೇಶೆಂಟು, ಥಂಡಿ ಹಿಡೀತದ, ಅಂಗಿ ಇರ್ಲಿ ಬಿಡ್ರಿ" ಎಂದು ಎಲ್ಲರಿಗೂ ತಾವೇ ಸಮಜಾಯಿಷಿ ಕೊಟ್ಟರು. ಒದ್ದೆ ಅಂಗಿ ಮೈಗೆ ಅಂಟಿಕೊಂಡು ಎಡಗಡೆಯ ತಗ್ಗು ಕಾಣತೊಡಗಿದಾಗ ವೈನಿ ಓಡಿ ಬಂದು ಟವೆಲ್ ಹೊದಿಸಿದಳು. ಹೆಂಗಸರು ಹೀಗೆ ಮುಚ್ಚಿಕೊಳ್ಳುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ನಮ್ಮಣ್ಣ ಮುಚ್ಚಿಕೊಳ್ಳುವುದನ್ನು ಅವತ್ತೇ ನೋಡಿದ್ದು.

ಆಗ ನಾನು ವಿಶಾಖಪಟ್ಟಣದಲ್ಲಿದ್ದೆ. ಬ್ಯಾಂಕಿನ ವರ್ಗಾವಣೆಯ ಮೇಲೆ, ದೊಡ್ಡ ಚಂಡಮಾರುತ ಬಂದುಹೋದ ಮರುವರ್ಷ ಅಲ್ಲಿಗೆ ಹೋಗಿ ಎಂವಿಪಿ ಕಾಲೋನಿಯಲ್ಲಿ ಮನೆ ಹಿಡಿದಿದ್ದೆ. ಬೆಳಗಿನ ವಾಕಿಂಗಿನಲ್ಲಿ ಪರಿಚಯವಾದ ಹೆಂಗಸರ ಒಂದು ಗುಂಪು ನನ್ನನ್ನೂ ಎಳೆದುಕೊಂಡಿತು. ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಅದಕ್ಕೆ ಮುಖ್ಯಸ್ಥೆ, ಎಲ್ಲರೂ ಅವರನ್ನು ಮೇಡಂಗಾರು ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಬೀಚ್ ರೋಡಿನಲ್ಲಿ ಒಂದು ಓಟ ಏರ್ಪಡಿಸಿ, ಬಂದ ಹಣದಲ್ಲಿ ಬಡ ಹೆಂಗಸರಿಗೆ ಇದೇ ಮೊಲೆಯ ಕ್ಯಾನ್ಸರಿನ ತಪಾಸಣೆ ಮಾಡಿಸುವುದು ಗುಂಪಿನ ಕೆಲಸ.

ಮೊದಲ ವರ್ಷದ ಓಟಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಬಂದವರೋ, ಅಬ್ಬಬ್ಬಾ! ಜಿಮ್ಮಿನ ಹುಡುಗರು ತಳ್ಳಿಕೊಂಡು ಮುಂದೆ ಹೋದರು. ಹಿಂದೆ ಉಳಿದವರು ಮೊಬೈಲ್ ಎತ್ತಿ ಹಿಡಿದು ಓಡುವ ಹೆಂಗಸರ ವಿಡಿಯೋ ತೆಗೆದರು. ಎಲ್ಲಿಗೆ ಕ್ಯಾಮೆರಾ ತಿರುಗಿಸುತ್ತಿದ್ದಾರೆಂದು ನೋಡಿದಾಗ ನನ್ನ ಪಿತ್ತ ನೆತ್ತಿಗೇರಿತು. ಮುಂದಿನ ಸಲ ಹೆಂಗಸರಿಗೆ ಮಾತ್ರ ಎಂದು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನು. ನನ್ನ ಹರಕು ಮುರುಕು ತೆಲುಗಿನಲ್ಲಿ ಟೇಬಲ್ ಕುಟ್ಟಿ ಹೇಳಿದೆ. ಆ ಮಾತನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಸೊಸೆ, ಅತ್ತೆಯ ಮುಂದೆ ಕೆಮ್ಮಲೂ ಹೆದರುವವಳು, "ಮಗವಾಳ್ಳು ಉಂಡರು ಕದಾ?" ಎಂದು ನಾಲ್ಕಾರು ಸಲ ಕೇಳಿದಳು. ಗಂಡಸರು ಇರುವುದಿಲ್ಲ ತಾನೆ ಎಂದು. ಇರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಹೆಸರು ಕೊಟ್ಟಳು.

ಇದನ್ನೆಲ್ಲ ನಾನು ಅಣ್ಣನಿಗೆ ಫೋನಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಒಂದು ದಿನ ಅವನು, "ನಂಗೂ ಒಮ್ಮೆ ಅವರ ಜೋಡಿ ನಡೀಬೇಕು ಅನಸ್ತದ" ಎಂದ.

"ಏನಂದಿ?"

"ಓಡೂದಿಲ್ಲವ್ವಾ. ಹಿಂದ ಹಿಂದ ನಡ್ಕೋತ ಬರ್ತೀನಿ. ನನಗ ಆದದ್ದು ಆದ ಇನ್ನೊಬ್ಬರ ಜೋಡಿ ನಾ ಈ ತನಕ ಒಂದ ಮಾತು ಆಡಿಲ್ಲ. ದವಾಖಾನಿಯೊಳಗ ನಾ ಹೋಗಿ ಕೂತ್ರ ಅವರು ಎದ್ದು ಹೋಗ್ತಾರ."

"ಹೇಳ್ತೀನಿ, ಕೇಳಿ ನೋಡ್ತೀನಿ" ಎಂದೆ. ಕೂಡಲೇ ಅವನ ದನಿ ಬದಲಾಯಿತು. "ನನಗ ಏನ ಆಗೇದ ಅಂತ ಮಾತ್ರ ಹೇಳಬ್ಯಾಡ. ಆಣಿ ಮಾಡು. ಸುಮ್ನ ಅಣ್ಣ ಬರ್ತಾನಂತ ಅಂದ್ರ ಸಾಕು."

ಈಗ ನೋಡಿ ನನ್ನ ಫಜೀತಿ. ಕಾರಣ ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ನನ್ನದೇ ನಿಯಮಕ್ಕೆ ನಾನೇ ಅಪವಾದ ಕೇಳಿದಂತೆ. ಸಭೆಯಲ್ಲಿ, ನಮ್ಮಣ್ಣ ವಿಜಯವಾಡದಿಂದ ಬರುತ್ತಾನೆ, ತೀರ ಸಾಧು ಮನುಷ್ಯ, ಕೊನೆಯಲ್ಲಿ ನಡೆದುಕೊಂಡು ಬರಲಿ ಎಂದೆ. ಎಲ್ಲರೂ ನಕ್ಕರು. ಹಾಗಾದರೆ ನಮ್ಮ ಯಜಮಾನರೂ ಸಾಧುವೇ ಎಂದಳೊಬ್ಬಳು. ಮೇಡಂಗಾರು ನಗಲಿಲ್ಲ. ಗಂಡಸರು ಬಂದು ಸಹಾಯ ಮಾಡಲಿ, ನೀರು ಕೊಡಲಿ, ಕುರ್ಚಿ ಹಾಕಲಿ, ಓಟದಲ್ಲಿ ಮಾತ್ರ ಬೇಡ ಎಂದು ತೀರ್ಪು ಕೊಟ್ಟರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಅದೇ ದೊಡ್ಡ ಸಂಕಟ.

ಅಣ್ಣನಿಗೆ ತಿಳಿಸಿದಾಗ ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ನೀರು ಕೊಡಲಿಕ್ಕೆ ನಿಂತ್ರೂ ಆತು. ಅವರ ಸನೇಕ ಇರ್ತೀನಲ್ಲ" ಎಂದ. ಲೋಟದಲ್ಲಿ ನೀರು ಕೊಡುವ ಕೆಲಸ ಎಂದುಕೊಂಡು ನಾನೂ ಒಪ್ಪಿದೆ.

ಓಟದ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ, ಮದುವೆಗೆ ಹೊರಟವನಂತೆ. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಎರಡನೇ ಮಹಡಿಯ ಸೊಸೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ನನ್ನ ಕೈಗೆ ಕೊಟ್ಟು, ಬರಿಗಾಲಲ್ಲಿ ಓಡಿದಳು. ಶಾಲೆ ಬಿಟ್ಟ ಮೇಲೆ ಓಡಿರಲೇ ಇಲ್ಲವಂತೆ. ಬಾಯಿ ತುಂಬ ನಗುತ್ತ, ಏದುಸಿರು ಬಿಡುತ್ತ ಅವಳು ತಿರುಗಿ ಬಂದಾಗ ನನಗೆ ಕಣ್ಣಲ್ಲಿ ನೀರು ಬಂತು. ಅವಳಿಗೆ ಲೋಟ ಕೊಟ್ಟವನು ಅಣ್ಣನೇ. ಅವಳು ಅವನ ಮುಖ ನೋಡದೆ ಲೋಟ ತೆಗೆದುಕೊಂಡು ಸೆರಗು ಎಳೆದುಕೊಂಡಳು.

ಆಮೇಲೆ ಸಭೆ. ರೋಗ ಬಂದು ಗುಣವಾದ ಹೆಂಗಸರಿಗಾಗಿ ಮುಂದೆ ಒಂದು ಸಾಲು ಕುರ್ಚಿ ಹಾಕಿದ್ದೆವು. ಗಂಟಲು ದೊಡ್ಡದೆಂದು ಮೈಕು ನನ್ನ ಕೈಗೆ ಕೊಟ್ಟಿದ್ದರು. ಕಳೆದುಹೋದ ಚಪ್ಪಲಿ, ಸಿಕ್ಕಿದ ಕೀಲಿ, ಎಲ್ಲ ನಾನೇ ಕೂಗಿ ಹೇಳುವುದು. ಡಾಕ್ಟರಮ್ಮ ಮುಂದಿನ ಸಾಲಿನವರನ್ನು ನೋಡಿ ಮಾತಾಡತೊಡಗಿದರು. ಆಪರೇಷನ್ ಆದ ಕಡೆಯ ಕೈಯಲ್ಲಿ ಭಾರ ಎತ್ತಬೇಡಿ, ಬಿಂದಿಗೆ ನೀರು ಕೂಡ ಬೇಡ, ಒಮ್ಮೆ ಕೈ ಬಾತುಕೊಂಡರೆ ಇಳಿಯುವುದು ಬಲು ಕಷ್ಟ ಎಂದರು. ಆ ಸಾಲಿನ ಹೆಂಗಸರೆಲ್ಲ ತಲೆಯಾಡಿಸಿದರು, ಒಬ್ಬಾಕೆ ತನ್ನ ಬಲಗೈಯನ್ನು ಮಡಿಲಲ್ಲಿಟ್ಟು ಸವರಿಕೊಂಡಳು.

ಆಗಲೇ ನನ್ನ ಕಣ್ಣು ವ್ಯಾನಿನ ಕಡೆ ಹೋಯಿತು. ನಮ್ಮ ಗುಂಪಿನ ಹೆಂಗಸೊಬ್ಬಳು ಕೈ ತೋರಿಸಿ ಹೇಳುತ್ತಿದ್ದಾಳೆ, ಅಣ್ಣ ವ್ಯಾನಿನಿಂದ ನೀರಿನ ಕ್ಯಾನು ಇಳಿಸುತ್ತಿದ್ದಾನೆ. ತುಂಬಿದ ದೊಡ್ಡ ಕ್ಯಾನು, ಬಲಗೈಯಲ್ಲಿ ಒಂದು, ಎಡಗೈಯಲ್ಲಿ ಒಂದು. ಅವನ ಹಿಂದೆ ಅಷ್ಟು ಹೊತ್ತಿಗಾಗಲೇ ಇಳಿಸಿಟ್ಟ ಕ್ಯಾನುಗಳ ಸಾಲೇ ಇತ್ತು. ಅಲ್ಲಿದ್ದ ಗಂಡಸು ಅವನೊಬ್ಬನೇ. ಗಂಡಸಲ್ಲವೇ, ಭಾರ ಅವನೇ ಎತ್ತಬೇಕು. ಯಾಕೆ ಎತ್ತಲಾರೆ ಎಂದು ಹೇಳುವ ಬಾಯಿ ಅವನಿಗಿರಲಿಲ್ಲ.

ನಾನು ಮೈಕಿನಲ್ಲಿ ಒದರಿಬಿಟ್ಟೆ. "ಅಣ್ಣಾ! ಇಳಸು ಅದನ್ನ! ಆ ಕೈಲೆ ಎತ್ತಬ್ಯಾಡೋ!"

ಬೀಚ್ ರೋಡಿನುದ್ದಕ್ಕೂ ನನ್ನ ಧಾರವಾಡದ ಕನ್ನಡ ಮೊಳಗಿತು. ಹಿಂದೆ ನಿಂತವರು ಏನೋ ಎಂತೋ ಎಂದು ನಕ್ಕರು. ಮುಂದಿನ ಸಾಲಿನವರು ಮಾತ್ರ ನಗಲಿಲ್ಲ. ಅವರು ತಿರುಗಿ ಅಣ್ಣನ ಕೈ ನೋಡಿದರು. ಆಮೇಲೆ ಅವನ ಅಂಗಿಯ ಎಡಗಡೆ ನೋಡಿದರು. ಭಾಷೆ ಬರದಿದ್ದರೂ ಅವರಿಗೆ ತಿಳಿದುಹೋಯಿತು. ಮಡಿಲಲ್ಲಿ ಕೈ ಸವರಿಕೊಂಡಿದ್ದ ಆಕೆ, ವಯಸ್ಸಾದವರು, ಎದ್ದು ಹೋಗಿ ಅವನ ಎಡಗೈಯ ಕ್ಯಾನನ್ನು ನೆಲಕ್ಕಿಡಿಸಿ, "ರಾ ನಾಯನಾ, ಕೂರ್ಚೋ" ಎಂದು ಕರೆತಂದು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಯಾರೂ ಎದ್ದು ಆಚೆ ಹೋಗಲಿಲ್ಲ.

ಅಣ್ಣ ತಲೆ ತಗ್ಗಿಸಿ ಕೂತ. ಆಕೆ ಏನೋ ಕೇಳಿದರು, ಅವನು ಏನೋ ಹೇಳಿದ. ಆಕೆ ತಮ್ಮ ತೋಳು ತೋರಿಸಿದರು, ಅವನು ಅಂಗಿಯ ತೋಳು ಮೇಲೆ ಸರಿಸಿ ತನ್ನದನ್ನು ತೋರಿಸಿದ. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ನಗು ಕಂಡಿತು. ಅಷ್ಟೇ ಸಾಕಿತ್ತು ನನಗೆ, ಅಲ್ಲಿಗೇ ಎಲ್ಲ ಮುಗಿದುಬಿಡಬಾರದಿತ್ತೇ!

ಅಷ್ಟರಲ್ಲಿ ಮೇಡಂಗಾರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ಸಾಲಿನಲ್ಲಿ ಕೂತ ಒಬ್ಬೊಬ್ಬರಿಗೂ ಹಣೆಗೆ ಕುಂಕುಮ, ಮುಡಿಗೆ ಮಲ್ಲಿಗೆ, ಕೈಗೊಂದು ಕುಪ್ಪಸದ ಕಣ. ಪಾಪ, ಯಾವ ಹೆಂಗಸರಿಗೆ ಕುಪ್ಪಸದ ಬಟ್ಟೆ ಕೊಡುತ್ತಿದ್ದೇವೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಬರುತ್ತ ಬರುತ್ತ ಅವರು ಅಣ್ಣನ ಮುಂದೆ ನಿಂತರು. ಕುಂಕುಮದ ಬೆರಳು ಗಾಳಿಯಲ್ಲೇ ನಿಂತಿತು. ತಟ್ಟೆಯನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು. ಅಣ್ಣ ಗಡಬಡಿಸಿ ಎದ್ದು ಕೈ ಮುಗಿದ.

"ನೀಳ್ಳು ಮೊಯ್ಯಡಾನಿಕಿ ವಚ್ಚಾನಮ್ಮಾ" ಎಂದ. ನೀರು ಹೊರಲು ಬಂದವನು ನಾನು ತಾಯಿ.

ಹೇಳಿದವನೇ ವ್ಯಾನಿನ ಆಚೆ ಹೋಗಿ, ಸಮುದ್ರಕ್ಕೆ ಮುಖ ಮಾಡಿ ನಿಂತ. ವಯಸ್ಸಾದ ಆಕೆ ಕರೆದರೂ ತಿರುಗಲಿಲ್ಲ.

ಮಧ್ಯಾಹ್ನ ಸ್ಟೇಷನ್ನಿನಲ್ಲಿ ಅವನ ಎಡಗೈ ಆಗಲೇ ಬಾತಿತ್ತು, ಗಡಿಯಾರದ ಪಟ್ಟಿ ಬಿಚ್ಚಿ ಜೇಬಿನಲ್ಲಿಟ್ಟುಕೊಂಡಿದ್ದ. ನಾನು ಅವನ ಮೇಲೂ ಮೇಡಂಗಾರ ಮೇಲೂ ನನ್ನ ಮೇಲೂ ರೇಗುತ್ತಿದ್ದೆ. "ಯಾಕ ಎದ್ದಿ ಅಲ್ಲಿಂದ? ಯಾರು ಏಳು ಅಂದ್ರು ನಿನಗ?"

"ಏ ಹುಚ್ಚಿ, ನಿನ್ನ ಬಾಯಿಗೆ ಬೀಗ ಹಾಕಬೇಕು ನೋಡು" ಎಂದು ನಕ್ಕ. "ಪುಣ್ಯಾ, ಕನ್ನಡದಾಗ ಒದರಿದಿ. ಆ ಸಾಲಿನವರನ್ನ ಬಿಟ್ರ ಯಾರಿಗೂ ತಿಳೀಲಿಲ್ಲ." ರೈಲು ಹೊರಡುವಾಗ ಕಿಟಕಿಯಿಂದ, "ಊರಾಗ ಹಾರ್ಟ್ ಅಂತನ ಇರ್ಲಿ" ಎಂದ.

ಮುಂದಿನ ವರ್ಷದ ಸಭೆಯಲ್ಲಿ ಮಾತೆತ್ತಿದ್ದು ನಾನಲ್ಲ, ಮೇಡಂಗಾರು. ಅಣ್ಣನಿಗೆ ಏನಾಗಿತ್ತೆಂದು ಮುಂದಿನ ಸಾಲಿನ ಆ ವಯಸ್ಸಾದ ಆಕೆಯಿಂದ ಅವರಿಗೆ ತಿಳಿದಿತ್ತು. ಗಾಳಿಯಲ್ಲೇ ನಿಂತ ತಮ್ಮ ಆ ಬೆರಳು ಈಗಲೂ ಕಣ್ಣಮುಂದೆ ಬರುತ್ತದೆ ಎಂದರು. ಚರ್ಚೆ ಬಿಸಿಯಾಯಿತು. ಇವತ್ತು ಒಬ್ಬರನ್ನು ಬಿಟ್ಟರೆ ನಾಳೆ ಅವರ ಜೊತೆ ಹತ್ತು ಜನ ಮೊಬೈಲ್ ಹಿಡಿದು ಬರುತ್ತಾರೆ ಎಂದರು ಕೆಲವರು. ಎರಡನೇ ಮಹಡಿಯ ಸೊಸೆ ಮೂಲೆಯಲ್ಲಿ ಸೆರಗು ಎಳೆದುಕೊಂಡು ಕೂತಿದ್ದಳು. ಅವಳ ಮುಖ ನೋಡಿದರೆ ಬೇಡವೆಂದವರ ಮಾತೇ ನಿಜ, ಅಣ್ಣನ ಕೈ ನೆನೆದರೆ ಮೇಡಂಗಾರ ಮಾತೇ ನಿಜ. ಟೇಬಲ್ ಕುಟ್ಟುವ ನಾನು ಅವತ್ತು ಸುಮ್ಮನೆ ಕೂತಿದ್ದೆ. ಕೊನೆಗೆ, ಓಟ ಹೆಂಗಸರಿಗೇ ಇರಲಿ, ರೋಗ ಬಂದವರು ಮಾತ್ರ ಯಾರಾದರೂ ಸರಿ, ನಡೆಯಬಹುದು, ಮುಂದಿನ ಸಾಲಿನಲ್ಲಿ ಕೂರಬಹುದು ಎಂದಾಯಿತು. ತಟ್ಟೆಯಲ್ಲಿ ಕುಂಕುಮದ ಪಕ್ಕ ಗಂಧವನ್ನೂ ಇಡುವುದಾಗಿ ಮೇಡಂಗಾರು ನನಗೆ ಬಾಗಿಲ ಹತ್ತಿರ ಬಂದು ಹೇಳಿದರು.

ಕುಣಿಯುತ್ತ ಮನೆಗೆ ಬಂದು ಫೋನ್ ಮಾಡಿದೆ. ಹಿಂದಿನಿಂದ ವೈನಿ, "ಏಮಂಡೀ, ಕೈಗೆ ಪಟ್ಟಿ ಸುತ್ಕೊಂಡ್ರಾ?" ಎಂದು ಕೇಳುವುದು ಕೇಳಿಸಿತು.

"ಈ ಸಲ ಬರಲೇಬೇಕು ಅಣ್ಣಾ" ಎಂದೆ.

"ಬರ್ತಿದ್ದೆ ತಂಗಿ. ಆದ್ರ ಈ ಕೈ ಇಳೀಲೇ ಇಲ್ಲ ನೋಡು. ಈಗ ಒಂದ ತಂಬಿಗಿ ಸೈತ ಎತ್ತಲಿಕ್ಕೆ ಆಗಂಗಿಲ್ಲ. ಕ್ಯಾನ್ ಯಾರು ಎತ್ತತಾರ?"

"ಕ್ಯಾನ್ ಎತ್ತಲಿಕ್ಕೆ ಅಲ್ಲೋ! ನೀ ಬರೇ ನಡೀಲಿಕ್ಕೆ ಬಾ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಅರ್ಥವಾಗದವನ ಹಾಗೆ ಕೇಳಿದ.

"ನೀರು ಎತ್ತೂದಿಲ್ಲಂದ್ರ, ಅಲ್ಲಿ ನನ್ನದೇನ ಕೆಲಸ?"